ಸಾಗರಕ್ಕೆ ಮಿತಿ, ಹಡಗಿಗೆ ಇಲ್ಲ: ಟ್ಯೂನಾ ಕ್ವೋಟಾ ಮತ್ತು ನಿಷೇಧ ಅವಧಿಯ ಒಳಲೆಕ್ಕ

2018ರಿಂದ 2020ರವರೆಗೆ ಹಿಂದೂ ಮಹಾಸಾಗರದಲ್ಲಿ ವರ್ಷಕ್ಕೆ 4,70,029 ಟನ್‌ಗಿಂತ ಹೆಚ್ಚು ಸ್ಕಿಪ್‌ಜಾಕ್ ಟ್ಯೂನಾ ಹಿಡಿಯುವಂತಿರಲಿಲ್ಲ. ಕೊನೆಯ 29 ಟನ್ನಿನವರೆಗೂ ಸೂತ್ರ ಹಾಕಿ ತೆಗೆದ ಅಂಕಿ ಅದು. ಮೊದಲ ವರ್ಷವೇ ಹಿಡಿದದ್ದು 6 ಲಕ್ಷ ಟನ್ ದಾಟಿತು. ಯಾರಿಗೂ ದಂಡ ಬೀಳಲಿಲ್ಲ, ಯಾವ ಹಡಗನ್ನೂ ಬಂದರಿಗೆ ವಾಪಸು ಕಳಿಸಲಿಲ್ಲ. ಕಳಿಸುವುದಾದರೂ ಯಾರನ್ನು? ಮಿತಿ ಇದ್ದದ್ದು ಇಡೀ ಸಾಗರಕ್ಕೆ. ಅದರಲ್ಲಿ ಸ್ಪೇನಿನ ಪಾಲೆಷ್ಟು, ಸೆಶೆಲ್ಸ್‌ನ ಪಾಲೆಷ್ಟು, ಇಂಡೊನೇಷ್ಯಾ, ಮಾಲ್ದೀವ್ಸ್, ಇರಾನ್, ಭಾರತಕ್ಕೆ ಎಷ್ಟೆಷ್ಟು ಎಂದು ಯಾರೂ ಹಂಚಿರಲಿಲ್ಲ. 2021–23ಕ್ಕೆ ಮಿತಿಯನ್ನು 5,13,572 ಟನ್‌ಗೆ ಏರಿಸಿದರು, ಅದೂ ಮೀರಿತು. 2024–26ಕ್ಕೆ 6,28,606 ಟನ್ ಆಗಿದೆ. ಸ್ಕಿಪ್‌ಜಾಕ್ ಬೇಗ ಬೆಳೆದು ಬೇಗ ಮರಿ ಮಾಡುವ ಮೀನು, ಸಮುದ್ರದ ಸ್ಥಿತಿಯೂ ಅದಕ್ಕೆ ಒದಗಿಬಂತು, ಹಾಗಾಗಿ ಸಂತತಿ ಇನ್ನೂ ಗಟ್ಟಿಯಾಗಿದೆ. ಇದರಲ್ಲಿ ನಿರ್ವಹಣೆಯ ಪುಣ್ಯ ಹೆಚ್ಚೇನಿಲ್ಲ.

ಟ್ಯೂನಾ ಸುದ್ದಿಯಲ್ಲಿ "ಕ್ವೋಟಾ ನಿಗದಿ", "72 ದಿನ ನಿಷೇಧ" ಎಂದು ಓದಿದಾಗಲೆಲ್ಲ ಈ ಪ್ರಸಂಗವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಸಮುದ್ರದಲ್ಲಿ ಮೀನುಗಾರಿಕೆಗೆ ಕಡಿವಾಣ ಹಾಕಲು ಮುಖ್ಯವಾಗಿ ಇರುವ ದಾರಿಗಳು ಎರಡು: ದಿನ ಎಣಿಸುವುದು ಅಥವಾ ಮೀನು ತೂಗುವುದು. ಎರಡೂ ಕೆಲಸ ಮಾಡಿದ ಕಡೆಗಳಿವೆ, ಎರಡೂ ಕೈಕೊಟ್ಟ ಕಡೆಗಳೂ ಇವೆ. ಎಲ್ಲಿ ಯಾವುದು ಏಕೆ ನಿಂತಿತು ಎನ್ನುವುದು ಆಯಾ ಸಮುದ್ರದಲ್ಲಿ ಯಾರು, ಎಷ್ಟು ದೋಣಿಗಳಲ್ಲಿ, ಎಲ್ಲಿ ಮೀನು ಇಳಿಸುತ್ತಾರೆ ಎಂಬುದರ ಮೇಲಿದೆ.

ನಮ್ಮ ಭಾಗದ ಲೆಕ್ಕ ನೋಡಿಕೊಳ್ಳುವುದು ಹಿಂದೂ ಮಹಾಸಾಗರ ಟ್ಯೂನಾ ಆಯೋಗ, ಐಒಟಿಸಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಅಡಿಯಲ್ಲಿ 1996ರಿಂದ ಜಾರಿಯಲ್ಲಿರುವ ಒಪ್ಪಂದ, ಕಚೇರಿ ಸೆಶೆಲ್ಸ್‌ನ ವಿಕ್ಟೋರಿಯಾದಲ್ಲಿ. ಅದರ ವ್ಯಾಪ್ತಿಗೆ ಬರುವ ಮೀನುಗಳು 16. ಯೆಲ್ಲೋಫಿನ್, ಬಿಗ್‌ಐ, ಸ್ಕಿಪ್‌ಜಾಕ್ ಮಾತ್ರವಲ್ಲ, ನಮ್ಮ ಕರಾವಳಿಯ ಕೇದರ ಮತ್ತು ಮದುವೆ ಊಟದ ಅಂಜಲ್ ಕೂಡ ಆ ಪಟ್ಟಿಯಲ್ಲಿವೆ. ನಿರ್ಣಯಗಳನ್ನು ಮೂರನೇ ಎರಡರಷ್ಟು ಮತದಿಂದ ಅಂಗೀಕರಿಸಬಹುದು. ಆದರೆ ಒಪ್ಪದ ಸದಸ್ಯ ರಾಷ್ಟ್ರ 120 ದಿನದೊಳಗೆ ಆಕ್ಷೇಪ ಸಲ್ಲಿಸಿದರೆ ಆ ನಿರ್ಣಯ ಅದಕ್ಕೆ ಅನ್ವಯಿಸುವುದಿಲ್ಲ. ಮೂರನೇ ಒಂದಕ್ಕಿಂತ ಹೆಚ್ಚು ಸದಸ್ಯರು ಆಕ್ಷೇಪಿಸಿದರೆ ಉಳಿದವರೂ ಪಾಲಿಸಬೇಕಾಗಿಲ್ಲ. ಮುಂದೆ ಹೇಳಲಿರುವ ಅರ್ಧ ಗೋಜಲಿಗೆ ಕಾರಣ ಈ ಒಂದು ಕಲಮು.

ದಿನ ಎಣಿಸುವ ದಾರಿ

ದಿನ ಎಣಿಸುವ ಪದ್ಧತಿ ಗಟ್ಟಿಯಾಗಿ ನಡೆದಿರುವುದು ಪೂರ್ವ ಪೆಸಿಫಿಕ್‌ನಲ್ಲಿ, ಮೆಕ್ಸಿಕೊದಿಂದ ಈಕ್ವೆಡಾರ್, ಪೆರುವರೆಗಿನ ನೀರಿನಲ್ಲಿ. ಅಲ್ಲಿನ ಅಂತರ-ಅಮೆರಿಕನ್ ಟ್ಯೂನಾ ಆಯೋಗ 182 ಟನ್‌ಗಿಂತ ಹೆಚ್ಚು ಸಾಮರ್ಥ್ಯದ ಪರ್ಸೀನ್ (ಮೀನಿನ ಗುಂಪನ್ನು ಸುತ್ತುವರಿದು ತಳ ಬಿಗಿಯುವ ದೊಡ್ಡ ಬಲೆಯ) ಹಡಗುಗಳಿಗೆ 2017ರಿಂದ 2024ರವರೆಗೆ ವರ್ಷಕ್ಕೆ 72 ದಿನ ರಜೆ ಕಡ್ಡಾಯ ಮಾಡಿತ್ತು. ಎರಡು ಅವಧಿಗಳಲ್ಲಿ ಒಂದನ್ನು ಹಡಗು ಆರಿಸಿಕೊಳ್ಳಬೇಕಿತ್ತು: ಜುಲೈ 29ರಿಂದ ಅಕ್ಟೋಬರ್ 8, ಇಲ್ಲವೇ ನವೆಂಬರ್ 9ರಿಂದ ಜನವರಿ 19. ಯಾವ ಹಡಗು ಯಾವ ಅವಧಿಗೆ ನಿಲ್ಲುತ್ತದೆ ಎಂದು ದೇಶಗಳು ಜುಲೈ 15ರೊಳಗೆ ಪಟ್ಟಿ ಕೊಡಬೇಕಿತ್ತು. ಎರಡು ರಜೆಗಳ ನಡುವಿನ ಒಂದು ತಿಂಗಳು, ಅಕ್ಟೋಬರ್ 9ರಿಂದ ನವೆಂಬರ್ 8ರವರೆಗೆ, ಸಮಭಾಜಕ ವೃತ್ತದ ಆಸುಪಾಸಿನ ಒಂದು ಚೌಕ ಎಲ್ಲರಿಗೂ ಬಂದ್ ಇರುತ್ತಿತ್ತು. ಪಶ್ಚಿಮ ರೇಖಾಂಶ 96ರಿಂದ 110 ಡಿಗ್ರಿ, ಉತ್ತರಕ್ಕೆ 4 ಡಿಗ್ರಿ, ದಕ್ಷಿಣಕ್ಕೆ 3 ಡಿಗ್ರಿ. ಮರಿ ಬಿಗ್‌ಐ ದಟ್ಟವಾಗಿ ಸಿಗುವ ಜಾಗ ಅದು. ಸ್ಪ್ಯಾನಿಷ್ ಮೀನುಗಾರರು ಅದನ್ನು 'ಕೊರಾಲಿಟೊ', ಪುಟ್ಟ ದೊಡ್ಡಿ ಎನ್ನುತ್ತಾರೆ.

ಈ ವ್ಯವಸ್ಥೆಯ ದೊಡ್ಡ ಲಾಭ, ಪರಿಶೀಲನೆ ಸುಲಭ. ಹಡಗಿನ ಮೇಲಿರುವ ಉಪಗ್ರಹ ಟ್ರಾನ್ಸ್‌ಪಾಂಡರ್ ಸಂಕೇತ ಬಂದರಿನಿಂದ ಬರುತ್ತಿದೆಯೇ, ಸಮುದ್ರದ ಮಧ್ಯದಿಂದಲೇ ಎಂದು ನೋಡಿದರೆ ಸಾಕು. ಮೀನು ತೂಗಬೇಕಿಲ್ಲ, ಜಾತಿ ಗುರುತಿಸಬೇಕಿಲ್ಲ, ಲಾಗ್‌ಬುಕ್ ನಂಬಬೇಕಿಲ್ಲ.

ನಷ್ಟ ಬೇರೆ ಕಡೆಯಿಂದ ಬರುತ್ತದೆ. ದೊಡ್ಡ ಪರ್ಸೀನ್ ಹಡಗು ವರ್ಷದಲ್ಲಿ ಹೇಗೂ ಕೆಲವು ವಾರ ದುರಸ್ತಿಗೆ, ಬಲೆ ಹೊಲಿಸಲು, ಸಿಬ್ಬಂದಿ ಬದಲಿಸಲು ಬಂದರಿನಲ್ಲಿ ನಿಲ್ಲಲೇಬೇಕು. ನಿಷೇಧ ಬಂದ ಮೇಲೆ ಮಾಲೀಕರು ಆ ಕೆಲಸವನ್ನೆಲ್ಲ ರಜೆಯೊಳಗೆ ತುಂಬಿಸುತ್ತಾರೆ. ಹೀಗಾಗಿ 72 ದಿನ ನಿಲ್ಲಿಸಿದರೆ 72 ದಿನದ ಮೀನು ಉಳಿಯಿತು ಎಂದು ಎಣಿಸುವಂತಿಲ್ಲ. ಉಳಿದ ಸುಮಾರು 290 ದಿನಗಳಲ್ಲಿ ಹಡಗು ಹೆಚ್ಚು ಚುರುಕಾದರೆ, ಹೆಚ್ಚು ಫ್ಯಾಡ್ ಬಿಟ್ಟರೆ, ಉಳಿಸಿದ್ದನ್ನೂ ಹಿಡಿದುಬಿಡುತ್ತದೆ.

ಫ್ಯಾಡ್ ಏನೆಂದು ಇಲ್ಲೇ ಹೇಳಿಬಿಡಬೇಕು, ಇಂದಿನ ಟ್ಯೂನಾ ಜಗಳದ ಮೂಲ ಅದೇ. ಬಿದಿರಿನ ಅಥವಾ ಪ್ಲಾಸ್ಟಿಕ್‌ನ ಒಂದು ತೆಪ್ಪ, ಅದರಡಿ ಹತ್ತಾರು ಮೀಟರ್ ಇಳಿಬಿಟ್ಟ ಹಳೆ ಬಲೆ ಅಥವಾ ಹಗ್ಗ. ಜೊತೆಗೆ ಕಟ್ಟಿದ ಬೋಯೆ ಎಂಬ ತೇಲುಗುಂಡು, ಅದರ ಮೇಲೆ ಸೋಲಾರ್ ಪ್ಯಾನೆಲ್, ಒಳಗೆ ಜಿಪಿಎಸ್ ಮತ್ತು ಶಬ್ದದ ಅಲೆಯಿಂದ ಮೀನು ಅಳೆಯುವ ಎಕೋಸೌಂಡರ್. ತೇಲುವ ವಸ್ತುವಿನ ಕೆಳಗೆ ಮೀನು ಕೂಡುವುದು ಸಹಜ ಗುಣ. ಬೋಯೆ ತಾನಿರುವ ಜಾಗವನ್ನೂ ಅಡಿಯಲ್ಲಿ ಸುಮಾರು ಎಷ್ಟು ಟನ್ ಕೂಡಿದೆ ಎಂಬ ಅಂದಾಜನ್ನೂ ಉಪಗ್ರಹದ ಮೂಲಕ ಹಡಗಿಗೆ ಕಳಿಸುತ್ತಲೇ ಇರುತ್ತದೆ. ಕ್ಯಾಪ್ಟನ್ ಮೀನು ಹುಡುಕುವುದಿಲ್ಲ, ಯಾವ ಬೋಯೆ ತುಂಬಿದೆಯೋ ಅಲ್ಲಿಗೆ ಹೋಗುತ್ತಾನೆ. ರಜೆಯಲ್ಲಿ ಹಡಗು ಬಂದರಿನಲ್ಲಿದ್ದರೂ ಫ್ಯಾಡ್ ನೀರಿನಲ್ಲೇ ತೇಲುತ್ತಿರುತ್ತದೆ, ಮೀನು ಕೂಡಿಸುತ್ತಿರುತ್ತದೆ.

ಇದನ್ನು ಅರಿತು ಪೂರ್ವ ಪೆಸಿಫಿಕ್‌ನವರು 2021ರಲ್ಲಿ ಒಂದು ಜಾಣ ತಿದ್ದುಪಡಿ ತಂದರು. ಹಿಂದಿನ ಅವಧಿಯಲ್ಲಿ ಹಡಗೊಂದು ವರ್ಷಕ್ಕೆ 1,200 ಟನ್‌ಗಿಂತ ಹೆಚ್ಚು ಬಿಗ್‌ಐ ಹಿಡಿದಿದ್ದರೆ ಆ ಹಡಗಿಗೆ ಮಾತ್ರ 72ರ ಮೇಲೆ ಇನ್ನೂ 10 ದಿನ ರಜೆ. ಮಿತಿ ಮೀರಿದಷ್ಟೂ ರಜೆ ಹೆಚ್ಚು. 2,400 ಟನ್ ದಾಟಿದರೆ 22 ದಿನ. ಎಲ್ಲರಿಗೂ ಒಂದೇ ರಜೆ ಎಂದಾಗ ತಪ್ಪು ಮಾಡಿದವನಿಗೂ ಮಾಡದವನಿಗೂ ಭೇದವಿರಲಿಲ್ಲ. ಈಗ ಮರಿ ಬಿಗ್‌ಐ ತುಂಬಿದ ಫ್ಯಾಡಿಗೆ ಬಲೆ ಹಾಕುವ ಮುನ್ನ ಕ್ಯಾಪ್ಟನ್ ಸ್ವಂತ ಲೆಕ್ಕ ಹಾಕಬೇಕಾಯಿತು. ದಿನ ಎಣಿಸುವ ಪದ್ಧತಿಯೊಳಗೆ ಮೀನು ತೂಗುವ ಪದ್ಧತಿಯನ್ನು ನುಸುಳಿಸಿದ ಹಾಗಾಯಿತು. ಇದು ಸಾಧ್ಯವಾದದ್ದು ಅಲ್ಲಿನ 363 ಟನ್‌ಗಿಂತ ದೊಡ್ಡ ಪ್ರತಿ ಹಡಗಿನಲ್ಲೂ ವೀಕ್ಷಕರು ಇರುವುದರಿಂದ. ಡಾಲ್ಫಿನ್ ರಕ್ಷಣೆಯ ಒಪ್ಪಂದಕ್ಕಾಗಿ ದಶಕಗಳ ಹಿಂದೆ ಹತ್ತಿಸಿದ ವೀಕ್ಷಕರು ಈಗ ಬಿಗ್‌ಐ ಲೆಕ್ಕಕ್ಕೂ ಒದಗಿಬಂದರು. ಹಿಂದೂ ಮಹಾಸಾಗರದಲ್ಲಿ ಕಡ್ಡಾಯ ವೀಕ್ಷಣೆಯ ಗುರಿ ಕೇವಲ ಶೇ. 5.

ಪಶ್ಚಿಮ ಪೆಸಿಫಿಕ್‌ನ ನೌರು ಒಪ್ಪಂದದ ದ್ವೀಪ ದೇಶಗಳು ದಿನವನ್ನೇ ಮಾರಾಟದ ಸರಕು ಮಾಡಿಕೊಂಡಿವೆ. ತಮ್ಮ ನೀರಿನಲ್ಲಿ ಒಂದು ಪರ್ಸೀನ್ ಹಡಗು ಒಂದು ದಿನ ಮೀನು ಹಿಡಿಯಲು 2015ರಿಂದ ಕನಿಷ್ಠ ಬೆಲೆ 8,000 ಡಾಲರ್. ದಿನಗಳ ಒಟ್ಟು ಸಂಖ್ಯೆಗೆ ಮಿತಿ ಇದೆ, ದೇಶದಿಂದ ದೇಶಕ್ಕೆ ದಿನ ಮಾರಬಹುದು. ಸಣ್ಣ ದ್ವೀಪಗಳ ಬೊಕ್ಕಸ ತುಂಬಿಸಿದ ಪದ್ಧತಿ ಇದು. ಇದರಲ್ಲೂ ತೂತಿದೆ: ಇಂದು ಬಲೆ ಹಾಕಲಿಲ್ಲ, ಇಂಜಿನ್ ಕೆಟ್ಟಿತ್ತು, ಬರೀ ದಾಟಿಹೋದೆವು ಎಂದು ಹಡಗುಗಳು ದಿನವನ್ನು ಲೆಕ್ಕದಿಂದ ಬಿಡಿಸಿಕೊಳ್ಳಲು ನೋಡುತ್ತವೆ. ಹಡಗು ದೊಡ್ಡದಾದಂತೆ ಅದೇ ಒಂದು ದಿನದಲ್ಲಿ ಏರುವ ಮೀನೂ ಹೆಚ್ಚಾಗುತ್ತದೆ.

ಹಿಂದೂ ಮಹಾಸಾಗರದ್ದೇ ಒಂದು ಹಳೆ ಪ್ರಯೋಗ ಹೇಳದೆ ಬಿಡುವಂತಿಲ್ಲ. 2011ರಿಂದ ಕೆಲಕಾಲ ಸೊಮಾಲಿಯಾದ ಎದುರಿನ ದೊಡ್ಡ ಚೌಕವೊಂದನ್ನು, ಸಮಭಾಜಕದಿಂದ ಉತ್ತರಕ್ಕೆ 10 ಡಿಗ್ರಿ, ಪೂರ್ವ ರೇಖಾಂಶ 40ರಿಂದ 60, ಲಾಂಗ್‌ಲೈನ್ (ಉದ್ದ ಹಗ್ಗಕ್ಕೆ ಸಾಲಾಗಿ ಗಾಳ ಕಟ್ಟಿ ಬಿಡುವ) ಹಡಗುಗಳಿಗೆ ಫೆಬ್ರವರಿಯಲ್ಲಿ, ಪರ್ಸೀನ್‌ಗೆ ನವೆಂಬರ್‌ನಲ್ಲಿ ಒಂದೊಂದು ತಿಂಗಳು ಮುಚ್ಚಿದರು. ಪರಿಣಾಮ ನಗಣ್ಯ. ಹಡಗುಗಳು ಆ ತಿಂಗಳು ಪಕ್ಕದ ನೀರಿಗೆ ಸರಿದವು, ಅಷ್ಟೆ. ಅಲ್ಲದೆ ಕಡಲ್ಗಳ್ಳರ ಭಯದಿಂದ ಆ ಜಾಗ ಮೊದಲೇ ಬಹುಪಾಲು ಖಾಲಿಯಾಗಿತ್ತು. ಯಾರೂ ಹೋಗದ ಮನೆಗೆ ಬೀಗ ಹಾಕಿದಂತಾಯಿತು. ಸಾವಿರಾರು ಮೈಲಿ ಈಜುವ ಮೀನಿಗೆ ಒಂದು ತಿಂಗಳು, ಒಂದು ಚೌಕದ ನಿಷೇಧ ಸಾಲದು. ಪೂರ್ವ ಪೆಸಿಫಿಕ್‌ನ ಪುಟ್ಟ ದೊಡ್ಡಿಗೆ ಅರ್ಥ ಬಂದದ್ದು ಅದರ ಹಿಂದೆ ಮುಂದೆ 72 ದಿನದ ಪೂರ್ತಿ ರಜೆ ಇದ್ದುದರಿಂದ.

ಮೀನು ತೂಗುವ ದಾರಿ

ಕ್ವೋಟಾ ನೆಟ್ಟಗೆ ನಿಂತ ಉದಾಹರಣೆ ಬೇಕೆಂದರೆ ಮೆಡಿಟರೇನಿಯನ್‌ನ ಬ್ಲೂಫಿನ್. 2007ರಲ್ಲಿ ಅಲ್ಲಿ ಕ್ವೋಟಾ 29,500 ಟನ್ ಇತ್ತು, ವಿಜ್ಞಾನಿಗಳ ಅಂದಾಜಿನ ಪ್ರಕಾರ ಹಿಡಿದದ್ದು 61,000 ಟನ್ ಹತ್ತಿರ. ಅಂದರೆ ಅರ್ಧಕ್ಕಿಂತ ಹೆಚ್ಚು ಕದ್ದ ಮೀನು. ಆಮೇಲೆ ಕ್ವೋಟಾವನ್ನು 2011ರ ಹೊತ್ತಿಗೆ 12,900 ಟನ್‌ಗೆ ಇಳಿಸಿದರು. ಪರ್ಸೀನ್ ಋತುವನ್ನು ಮೇ ಕೊನೆಯಿಂದ ಜುಲೈ 1ರವರೆಗಿನ ಕೆಲವೇ ವಾರಕ್ಕೆ ಕುಗ್ಗಿಸಿದರು. ಪ್ರತಿ ಪರ್ಸೀನ್ ಹಡಗಿನಲ್ಲೂ ಅಲ್ಲಿನ ಅಟ್ಲಾಂಟಿಕ್ ಟ್ಯೂನಾ ಆಯೋಗದ ವೀಕ್ಷಕ ಕಡ್ಡಾಯ. ಅಲ್ಲಿ ಬ್ಲೂಫಿನ್‌ಅನ್ನು ಡೆಕ್ಕಿಗೆ ಎತ್ತುವುದಿಲ್ಲ. ಬಲೆಯಿಂದ ನೀರಿನಲ್ಲೇ ಪಂಜರಕ್ಕೆ ದಾಟಿಸಿ, ಎಳೆದುಕೊಂಡು ಹೋಗಿ ಮಾಲ್ಟಾ, ಸ್ಪೇನ್, ಕ್ರೊಯೇಷಿಯಾದ ಸಾಕಣೆ ಕೇಂದ್ರಗಳಲ್ಲಿ ಕೊಬ್ಬಿಸುತ್ತಾರೆ. ದಾಟಿಸುವಾಗ ವಿಡಿಯೊ ತೆಗೆದು ತಲೆ ಎಣಿಸಬೇಕು. ಕೇಂದ್ರದ ಪಂಜರಕ್ಕೆ ಬಿಡುವಾಗ ಎರಡು ಕಣ್ಣಿನ ಕ್ಯಾಮೆರಾದಿಂದ ಮೀನಿನ ಉದ್ದ ಅಳೆದು ತೂಕ ಲೆಕ್ಕ ಹಾಕಬೇಕು. ಹೆಚ್ಚು ಬಂದರೆ ಹೆಚ್ಚಿನದನ್ನು ಬಿಟ್ಟುಬಿಡಬೇಕು. ಹಿಡಿದ ದಿನದಿಂದ ಜಪಾನಿನ ಮಾರುಕಟ್ಟೆಯವರೆಗೆ ಒಂದೇ ಎಲೆಕ್ಟ್ರಾನಿಕ್ ದಾಖಲೆ. ಇಷ್ಟಾದರೂ 2018ರಲ್ಲಿ ಯುರೋಪಿನ ಪೊಲೀಸರು ಭಾರೀ ಕಳ್ಳ ಬ್ಲೂಫಿನ್ ಜಾಲವೊಂದನ್ನು ಬಯಲಿಗೆಳೆದರು. ಅದಿರಲಿ, ಸಂತತಿ ಮಾತ್ರ ಚೇತರಿಸಿಕೊಂಡಿತು. 2023–25ರ ವಾರ್ಷಿಕ ಕ್ವೋಟಾ 40,570 ಟನ್‌ಗೆ ಏರಿತು.

ಇಲ್ಲಿ ಗಮನಿಸಬೇಕಾದ್ದು, ಆ ಮೀನು ಇಕ್ಕಟ್ಟಾದ ಬಾಗಿಲುಗಳ ಮೂಲಕವೇ ಹಾದುಹೋಗುತ್ತದೆ. ಬೆರಳೆಣಿಕೆಯ ಸಾಕಣೆ ಕೇಂದ್ರಗಳು, ನೋಂದಾಯಿತ ಹಡಗುಗಳು, ಬಹುಪಾಲು ಒಂದೇ ದೇಶದ ಗಿರಾಕಿ. ಬಾಗಿಲಲ್ಲಿ ಕಾವಲು ಹಾಕಿದರೆ ಎಣಿಕೆ ಸಿಕ್ಕಿತು. ಹಿಂದೂ ಮಹಾಸಾಗರದ ಯೆಲ್ಲೋಫಿನ್‌ಗೆ ಅಂಥ ಬಾಗಿಲಿಲ್ಲ. ಸುಮಾರು ಅರ್ಧದಷ್ಟು ಮೀನು ಇಳಿಯುವುದು ಒಮಾನ್, ಇರಾನ್, ಯೆಮೆನ್, ಪಾಕಿಸ್ತಾನ, ಶ್ರೀಲಂಕಾ, ಮಾಲ್ದೀವ್ಸ್, ಭಾರತದ ಸಣ್ಣ ಮತ್ತು ಮಧ್ಯಮ ದೋಣಿಗಳಿಂದ, ನೂರಾರು ಕಡೆ, ಗಿಲ್‌ನೆಟ್ ಎಂಬ ಗೋಡೆಯಂತೆ ನಿಲ್ಲುವ ಬಲೆಯಲ್ಲೋ ಕೈಗಾಳದಲ್ಲೋ ಹಿಡಿದದ್ದು.

2015ರಲ್ಲಿ ಯೆಲ್ಲೋಫಿನ್ ಮಿತಿಮೀರಿ ಹಿಡಿಯಲ್ಪಟ್ಟಿದೆ ಎಂದು ವಿಜ್ಞಾನಿಗಳು ತೀರ್ಪು ಕೊಟ್ಟರು. ಮರುವರ್ಷ ಐಒಟಿಸಿ ಚೇತರಿಕೆ ಯೋಜನೆ ತಂದಿತು, ಜಾರಿ 2017ರಿಂದ. ಆಧಾರ ವರ್ಷ 2014. ಆ ವರ್ಷ ಪರ್ಸೀನ್‌ನಲ್ಲಿ 5,000 ಟನ್‌ಗಿಂತ ಹೆಚ್ಚು ಹಿಡಿದ ದೇಶ ಶೇ. 15 ಕಡಿಮೆ ಮಾಡಬೇಕು. ಲಾಂಗ್‌ಲೈನ್‌ನಲ್ಲಿ 5,000 ಟನ್ ಮೀರಿದವರು ಶೇ. 10. ಗಿಲ್‌ನೆಟ್‌ನಲ್ಲಿ 2,000 ಟನ್ ಮೀರಿದವರು ಶೇ. 10. ಉಳಿದ ಬಗೆಯವರು 5,000 ಟನ್ ಮೀರಿದ್ದರೆ ಶೇ. 5. ಓದಲು ಚೊಕ್ಕ. ಆದರೆ ಮಿತಿಯ ಕೆಳಗಿದ್ದವರಿಗೆ ಏನೂ ಇಲ್ಲ, ಎಷ್ಟು ಬೇಕಾದರೂ ಬೆಳೆಯಬಹುದು. 2014ರಲ್ಲಿ ಲೆಕ್ಕ ಸರಿಯಾಗಿ ಕೊಡದವರಿಗೆ ಕಡಿತವೂ ಇಲ್ಲ. ಹೆಚ್ಚು ಪ್ರಾಮಾಣಿಕವಾಗಿ ವರದಿ ಮಾಡಿದವರಿಗೇ ಹೆಚ್ಚು ಕತ್ತರಿ! ಫಲ ಏನಾಯಿತೆಂದರೆ, ಪರ್ಸೀನ್ ಹಡಗುಗಳು ಒಂದಿಷ್ಟು ಇಳಿಸಿದರೂ ಬೇರೆಯವರು ಅದಕ್ಕಿಂತ ಹೆಚ್ಚು ಏರಿಸಿ, 2018 ಮತ್ತು 2019ರಲ್ಲಿ ಒಟ್ಟು ಯೆಲ್ಲೋಫಿನ್ 4.2 ಲಕ್ಷ ಟನ್ ಮೀರಿತು. ಇಳಿಸಲು ಹೊರಟ ಯೋಜನೆಯ ಕೆಳಗೆ ಏರಿತು.

2021ರಲ್ಲಿ ಯೋಜನೆಯನ್ನು ಬಿಗಿಗೊಳಿಸಿದರು. ದೊಡ್ಡ ಮೀನುಗಾರಿಕೆ ದೇಶಗಳಿಗೆ 2014ರ ಮಟ್ಟಕ್ಕಿಂತ ಶೇ. 21 ಕಡಿತ. ಪಾಲು ಮೀರಿ ಹಿಡಿದರೆ ಹೆಚ್ಚಾದದ್ದನ್ನು ಪೂರ್ತಿಯಾಗಿ ಮುಂದಿನ ವರ್ಷಗಳ ಪಾಲಿನಿಂದ ಮುರಿದುಕೊಳ್ಳುವುದು, ಮತ್ತೆ ಮತ್ತೆ ಮೀರಿದರೆ ಶೇ. 125ರಷ್ಟು. ಆಗ ಭಾರತ, ಇಂಡೊನೇಷ್ಯಾ, ಇರಾನ್, ಒಮಾನ್, ಮಡಗಾಸ್ಕರ್, ಸೊಮಾಲಿಯಾ ಆಕ್ಷೇಪ ಹಾಕಿ ಹೊರಗುಳಿದವು. ಯುರೋಪಿನ ಪತ್ರಿಕೆಗಳಲ್ಲಿ ಇದು ಬೇಜವಾಬ್ದಾರಿತನ ಎನ್ನಿಸಿಕೊಂಡಿತು. ಕರಾವಳಿ ದೇಶಗಳ ವಾದದಲ್ಲಿ ಹುರುಳಿಲ್ಲವೆನ್ನಲು ಬರುವುದಿಲ್ಲ: 1980ರ ದಶಕದಲ್ಲಿ ಯುರೋಪಿನ ಹಡಗುಗಳು ಇಲ್ಲಿಗೆ ಬಂದು ದಶಕಗಟ್ಟಲೆ ಹಿಡಿದು, ಹಿಡಿದದ್ದನ್ನೇ ಹಕ್ಕು ಎಂದು ತೋರಿಸುವಾಗ, ಇನ್ನೂ ದೋಣಿ ಕಟ್ಟುತ್ತಿರುವ ದೇಶಕ್ಕೆ 2014ನ್ನು ಆಧಾರ ಮಾಡು ಎಂದರೆ ಒಪ್ಪುವುದು ಕಷ್ಟ. ಆದರೆ ಆಕ್ಷೇಪ ಹಾಕಿದವರೂ ಮೀನು ಹಿಡಿಯುವುದನ್ನು ಮುಂದುವರಿಸುತ್ತಾರೆ, ಅಷ್ಟೂ ಒಂದೇ ಸಂತತಿಯಿಂದ.

ಸೆಶೆಲ್ಸ್ ಬಂದರಿನಲ್ಲಿ ತೂಕದ ತೊಡಕು

ಕ್ವೋಟಾ ಹಂಚಿದ ಮೇಲೂ ಅದು ಎಲ್ಲಿ ಸೋರುತ್ತದೆ ಎಂದು ನೋಡಲು ವಿಕ್ಟೋರಿಯಾ ಬಂದರಿನಲ್ಲಿ ಪರ್ಸೀನ್ ಹಡಗು ಮೀನು ಇಳಿಸುವ ಕಡೆ ನಿಲ್ಲಬೇಕು. ಹಿಡಿದ ಮೀನನ್ನು ಉಪ್ಪುನೀರಿನ ತೊಟ್ಟಿಗಳಲ್ಲಿ ಮೈನಸ್ 18 ಡಿಗ್ರಿ ಹತ್ತಿರಕ್ಕೆ ಹೆಪ್ಪುಗಟ್ಟಿಸಿರುತ್ತಾರೆ. ತೊಟ್ಟಿಯಿಂದ ಹೊರಬರುವಾಗ ಅವು ಕಲ್ಲಿನ ಹಾಗೆ ಗಟ್ಟಿ, ಮೈಮೇಲಿನ ಬಣ್ಣ ಮಾಸಿದೆ, ರೆಕ್ಕೆಗಳು ಮುರಿದಿವೆ. ಫ್ಯಾಡಿನ ಗುಂಪಿನಲ್ಲಿ ಬಹುಪಾಲು ಸ್ಕಿಪ್‌ಜಾಕ್. ಅದನ್ನು ಹೊಟ್ಟೆಯ ಮೇಲಿನ ಉದ್ದ ಗೆರೆಗಳಿಂದ ಗುರುತಿಸಬಹುದು. ಸಮಸ್ಯೆ ಉಳಿದೆರಡರದು. ಎರಡು, ಮೂರು ಕೆಜಿಯ ಮರಿ ಯೆಲ್ಲೋಫಿನ್ ಮತ್ತು ಅಷ್ಟೇ ಗಾತ್ರದ ಬಿಗ್‌ಐ ಪಕ್ಕಪಕ್ಕ ಇಟ್ಟರೆ ನುರಿತವರೂ ತಡವರಿಸುತ್ತಾರೆ.

ತಾಜಾ ಇದ್ದಾಗ ಯೆಲ್ಲೋಫಿನ್ ಮರಿಯ ಪಕ್ಕೆಯಲ್ಲಿ ಬಿಳಿ ಗೆರೆಯೊಂದು, ಚುಕ್ಕೆ ಸಾಲೊಂದು ಹೀಗೆ ಒಂದು ಬಿಟ್ಟು ಒಂದು ಒತ್ತಾಗಿರುತ್ತವೆ. ಬಿಗ್‌ಐಯಲ್ಲಿ ಗೆರೆಗಳು ವಿರಳ, ಮೈ ದಪ್ಪ, ಕಣ್ಣು ದೊಡ್ಡದು. ಹೆಪ್ಪುಗಟ್ಟಿದ ಮೇಲೆ ಗೆರೆ ಚುಕ್ಕೆ ಎರಡೂ ಮಾಯ. ಅನುಮಾನ ಬಂದರೆ ಹೊಟ್ಟೆ ಸೀಳಿ ಪಿತ್ತಜನಕಾಂಗ ನೋಡಬೇಕು. ಯೆಲ್ಲೋಫಿನ್‌ದು ನುಣುಪು, ಬಲಭಾಗದ ಹಾಲೆ ಉದ್ದ. ಬಿಗ್‌ಐಯದರ ಅಂಚಿನಲ್ಲಿ ರಕ್ತನಾಳದ ಸಣ್ಣ ಗೀರುಗಳಿರುತ್ತವೆ. ನೂರಾರು ಟನ್ ಕ್ರೇನಿನಲ್ಲಿ ಇಳಿಯುತ್ತಿರುವಾಗ ಎಷ್ಟು ಮೀನು ಸೀಳಲು ಸಾಧ್ಯ? ಹೀಗಾಗಿ ಕೆಲವು ತೊಟ್ಟಿಗಳಿಂದ ಮಾದರಿ ತೆಗೆದು, ಅಳೆದು, ಜಾತಿವಾರು ಅನುಪಾತವನ್ನು ಇಡೀ ಹಡಗುಪಡೆಗೆ ಅನ್ವಯಿಸುತ್ತಾರೆ. ಅಂದರೆ ಕ್ವೋಟಾ ಪಟ್ಟಿಯಲ್ಲಿ ಕಾಣುವ ಯೆಲ್ಲೋಫಿನ್ ಟನ್‌ಗಳು ತಕ್ಕಡಿಯಿಂದ ಬಂದವಲ್ಲ, ಸಂಖ್ಯಾಶಾಸ್ತ್ರದಿಂದ ಬಂದವು. ವಿಧಾನ ಬದಲಾದರೆ ಮೀನೂ ಬದಲಾಗುತ್ತದೆ. 2018ರ ಸ್ಪೇನ್ ಹಡಗುಗಳ ಲೆಕ್ಕದಲ್ಲಿ ಅಂದಾಜಿನ ಕ್ರಮ ಬದಲಿಸಿದಾಗ ಬಿಗ್‌ಐ ಏಕಾಏಕಿ ಏರಿತು, ಯೆಲ್ಲೋಫಿನ್ ಇಳಿಯಿತು. ಕ್ವೋಟಾ ಇದ್ದದ್ದು ಯೆಲ್ಲೋಫಿನ್‌ಗೆ ಎಂಬುದನ್ನು ಆಯೋಗದ ವಿಜ್ಞಾನಿಗಳ ಸಭೆ ಗಮನಿಸದೆ ಬಿಡಲಿಲ್ಲ. ಆಯೋಗದ ಕಚೇರಿ ಆ ವರ್ಷದ ಲೆಕ್ಕವನ್ನು ತಾನೇ ಮತ್ತೊಮ್ಮೆ ಅಂದಾಜು ಮಾಡಬೇಕಾಯಿತು.

ಕ್ವೋಟಾದ ಇನ್ನೊಂದು ಅಡ್ಡಪರಿಣಾಮ ಇದಕ್ಕಿಂತ ಗಂಭೀರ. ಯೆಲ್ಲೋಫಿನ್ ಪಾಲು ಬೇಗ ಮುಗಿದರೆ ವರ್ಷದ ಕೊನೆಗೆ ಹಡಗು ನಿಲ್ಲಬೇಕು. ಆದ್ದರಿಂದ ಕ್ಯಾಪ್ಟನ್‌ಗಳು 30, 40 ಕೆಜಿಯ ದೊಡ್ಡ ಯೆಲ್ಲೋಫಿನ್‌ಗಳ ಸ್ವತಂತ್ರ ಗುಂಪುಗಳನ್ನು ಬಿಟ್ಟು, ಮಿತಿಯೇ ಹಂಚದ ಸ್ಕಿಪ್‌ಜಾಕ್‌ಗಾಗಿ ಫ್ಯಾಡ್‌ಗಳತ್ತ ತಿರುಗಿದರು. ಫ್ಯಾಡ್ ಕೆಳಗಿನ ಸ್ಕಿಪ್‌ಜಾಕ್ ಜೊತೆ ಮರಿ ಯೆಲ್ಲೋಫಿನ್ ಬಂದೇ ಬರುತ್ತದೆ. ಲೆಕ್ಕ ಹಾಕಿ: 20 ಟನ್ ಯೆಲ್ಲೋಫಿನ್ ಎಂದರೆ 40 ಕೆಜಿಯ 500 ಮೀನು, ಅಥವಾ 2 ಕೆಜಿಯ 10,000 ಮರಿಗಳು. ಕ್ವೋಟಾ ಪುಸ್ತಕದಲ್ಲಿ ಎರಡೂ 20 ಟನ್ನೇ. ಒಮ್ಮೆಯೂ ಮೊಟ್ಟೆ ಇಡದ ಆ 10,000 ಮರಿಗಳ ಲೆಕ್ಕ ಎಲ್ಲೂ ಬರುವುದಿಲ್ಲ. ಯೆಲ್ಲೋಫಿನ್‌ಗೆ ಕ್ವೋಟಾ ಹಾಕಿ ಸ್ಕಿಪ್‌ಜಾಕ್‌ಅನ್ನು ಹಂಚದೆ ಬಿಟ್ಟದ್ದೇ ಈ ಎಡವಟ್ಟಿನ ಮೂಲ. ಒಂದೇ ಬಲೆಗೆ ಬೀಳುವ ಮೂರು ಮೀನುಗಳಿಗೆ ಮೂರು ಬೇರೆ ಬೇರೆ ಕಾಯಿದೆ.

ಫ್ಯಾಡ್ ನಿಷೇಧದ ಜಟಾಪಟಿ

ಇದಕ್ಕೆ ಮದ್ದಾಗಿ 2023ರ ಫೆಬ್ರವರಿಯಲ್ಲಿ ಕೀನ್ಯಾದ ಮೊಂಬಾಸಾದಲ್ಲಿ ನಡೆದ ಐಒಟಿಸಿ ವಿಶೇಷ ಸಭೆಯಲ್ಲಿ ಇಂಡೊನೇಷ್ಯಾ ಮುಂದಾಳತ್ವದಲ್ಲಿ, ಭಾರತ, ಮಾಲ್ದೀವ್ಸ್ ಸೇರಿದಂತೆ ಕರಾವಳಿ ದೇಶಗಳು ವರ್ಷಕ್ಕೆ 72 ದಿನ ತೇಲುವ ಫ್ಯಾಡ್ ಬಳಕೆಗೆ ನಿಷೇಧ ಪ್ರಸ್ತಾಪಿಸಿದವು. ಮತಕ್ಕೆ ಹಾಕಿದಾಗ ಗೆದ್ದಿತು. ಆಮೇಲೆ ಯುರೋಪಿಯನ್ ಒಕ್ಕೂಟ, ಸೆಶೆಲ್ಸ್ ಮುಂತಾದವು ಆಕ್ಷೇಪ ಹಾಕಿದವು. ಆಕ್ಷೇಪಗಳ ಸಂಖ್ಯೆ ಮೂರನೇ ಒಂದನ್ನು ದಾಟಿ ನಿರ್ಣಯ ಯಾರಿಗೂ ಅನ್ವಯಿಸದೆ ಸತ್ತಿತು. 2021ರಲ್ಲಿ ಆಕ್ಷೇಪದ ಕಲಮನ್ನು ಬಳಸಿದವರು ಕರಾವಳಿ ದೇಶಗಳು, 2023ರಲ್ಲಿ ಅದೇ ಕಲಮನ್ನು ಅವರ ಮೇಲೆ ತಿರುಗಿಸಿದವರು ಯುರೋಪಿನವರು. ಇಬ್ಬರಿಗೂ ಸಮಾ ಆಯಿತು ಎನ್ನೋಣವೇ?

ಸೆಶೆಲ್ಸ್‌ನ ನಿಲುವು ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಅದೂ ದ್ವೀಪವೇ, ಕರಾವಳಿ ದೇಶವೇ. ಆದರೆ ಅದರ ಆರ್ಥಿಕತೆ ನಿಂತಿರುವುದು ಪರ್ಸೀನ್ ಹಡಗುಗಳು ಇಳಿಸುವ ಮೀನು ಮತ್ತು ವಿಕ್ಟೋರಿಯಾದ ದೊಡ್ಡ ಟ್ಯೂನಾ ಕ್ಯಾನರಿಯ ಮೇಲೆ. 72 ದಿನ ಫ್ಯಾಡ್ ಇಲ್ಲವೆಂದರೆ ಅಷ್ಟು ದಿನ ಕ್ಯಾನರಿಗೆ ಕಚ್ಚಾ ಮಾಲು ಕೊರತೆ.

ಮೊಂಬಾಸಾದ ನಂತರ ಎಲ್ಲರೂ ಒಪ್ಪುವಂಥದ್ದನ್ನು ಹುಡುಕಿ, 2024ರಲ್ಲಿ ಬ್ಯಾಂಕಾಕ್ ಸಭೆ ನಿಷೇಧವನ್ನು ಕೈಬಿಟ್ಟು ಬೋಯೆಗಳ ಸಂಖ್ಯೆಯನ್ನು ಇಳಿಸಿತು. ಒಂದು ಹಡಗು ಒಂದು ಸಲಕ್ಕೆ ಚಾಲೂ ಇಡಬಹುದಾದ ಬೋಯೆ 300 ಇದ್ದದ್ದು 2026ರಿಂದ 250, 2028ರಿಂದ 225. ಜೊತೆಗೆ ನೋಂದಣಿ, ಕೊಳೆಯುವ ವಸ್ತುಗಳ ಬಳಕೆಗೆ ಗಡುವು. ಇದು ದಿನ ಎಣಿಸುವುದೂ ಅಲ್ಲ, ಮೀನು ತೂಗುವುದೂ ಅಲ್ಲ, ಸಲಕರಣೆ ಎಣಿಸುವ ಮೂರನೇ ದಾರಿ. ಬೋಯೆ ತಯಾರಿಸುವ ಕಂಪನಿಗಳು ಬೆರಳೆಣಿಕೆಯಷ್ಟು, ಪ್ರತಿ ಬೋಯೆಗೂ ಉಪಗ್ರಹ ಸಂಪರ್ಕದ ಬಿಲ್ಲು ಇರುತ್ತದೆ. ಹಾಗಾಗಿ ಎಣಿಕೆ ಸಾಧ್ಯ. ಆದರೆ ತುಂಬಿದ ಬೋಯೆಯನ್ನು ಮಾತ್ರ ಚಾಲೂ ಇಟ್ಟು, ಖಾಲಿ ಬೋಯೆಯನ್ನು ಬಂದ್ ಮಾಡಿ ಹೊಸದನ್ನು ಚಾಲೂ ಮಾಡುವ ಆಟಕ್ಕೆ 225 ಎಂಬುದು ಈಗಲೂ ಉದಾರ ಸಂಖ್ಯೆ.

ಈ ನಡುವೆ 2024ರ ಕೊನೆಯಲ್ಲಿ ಇನ್ನೊಂದು ತಿರುವು. ಯೆಲ್ಲೋಫಿನ್‌ನ ಹೊಸ ಮೌಲ್ಯಮಾಪನ, ಸಂತತಿ ಈಗ ಮಿತಿಮೀರಿ ಕುಸಿದಿಲ್ಲ ಎಂದಿತು. ದೀರ್ಘಕಾಲ ಹಿಡಿಯಬಹುದಾದ ಗರಿಷ್ಠ ಪ್ರಮಾಣ 2018ರ ಅಂದಾಜಿನಲ್ಲಿ 4,03,000 ಟನ್ ಇತ್ತು, 2021ರಲ್ಲಿ 3,49,000, ಈಗ 4,21,000. ಮೀನು ಮೂರು ವರ್ಷದಲ್ಲಿ ಇಷ್ಟು ಹಿಗ್ಗಿ ಕುಗ್ಗುವುದಿಲ್ಲ. ಹಿಗ್ಗಿದ್ದು ಕುಗ್ಗಿದ್ದು ಲಾಂಗ್‌ಲೈನ್ ಹಡಗುಗಳ ಹಿಡಿತದಿಂದ ಕಟ್ಟುವ ಸೂಚ್ಯಂಕ ಮತ್ತು ಮಾದರಿಯ ಊಹೆಗಳು. ಹೊಸ ಅಂಕಿ ಹೆಚ್ಚು ಸರಿಯಿರಬಹುದು. ಆದರೂ ಅದನ್ನೇ ನೆಚ್ಚಿ ಮಿತಿಯನ್ನು ಅಂಚಿಗೆ ತಳ್ಳುವುದು ಸ್ಕಿಪ್‌ಜಾಕ್‌ನ ಅದೃಷ್ಟವನ್ನು ಯೆಲ್ಲೋಫಿನ್‌ಗೂ ನಿರೀಕ್ಷಿಸಿದಂತೆ. ಯೆಲ್ಲೋಫಿನ್ ಸ್ಕಿಪ್‌ಜಾಕ್‌ನಷ್ಟು ಬೇಗ ಮರಿ ಮಾಡುವ ಮೀನಲ್ಲ.

ನಮ್ಮ ದಡದಿಂದ

ಕರ್ನಾಟಕದಲ್ಲಿ ಮೀನುಗಾರಿಕೆ ನಿಷೇಧ ಎಂದರೆ ಜೂನ್ 1ರಿಂದ ಜುಲೈ 31, ಒಟ್ಟು 61 ದಿನ. ಮಲ್ಪೆ, ಮಂಗಳೂರು, ಕಾರವಾರದ ಟ್ರಾಲ್ ಮತ್ತು ಪರ್ಸೀನ್ ಬೋಟುಗಳು ದಡಕ್ಕೆ ಬರುತ್ತವೆ, 10 ಅಶ್ವಶಕ್ತಿಯವರೆಗಿನ ನಾಡದೋಣಿಗೆ ವಿನಾಯಿತಿ. ಬಂಗುಡೆ, ಸಿಗಡಿಯಂಥ ದಡದ ಮೀನುಗಳಿಗೆ ಇದರಿಂದ ಉಸಿರಾಡಲು ಬಿಡುವು ಸಿಗುತ್ತದೆ, ಮಳೆಗಾಲದ ಕಡಲಿನಲ್ಲಿ ಜೀವವೂ ಉಳಿಯುತ್ತದೆ. ಆದರೆ ಇದನ್ನು ಟ್ಯೂನಾ ನಿಷೇಧದ ಜೊತೆ ಕಲಸಬಾರದು. ಅದೇ ಜೂನ್, ಜುಲೈಯಲ್ಲಿ 200 ನಾಟಿಕಲ್ ಮೈಲಿ ಆಚೆ ಪರ್ಸೀನ್ ಹಡಗುಗಳು ಕೆಲಸ ಮಾಡುತ್ತಲೇ ಇರುತ್ತವೆ. ನಮ್ಮ ಕೇದರಕ್ಕೂ ಅಂಜಲ್‌ಗೂ ಐಒಟಿಸಿಯಲ್ಲಿ ದೇಶವಾರು ಪಾಲು ಎಂಬುದು ಇಲ್ಲವೇ ಇಲ್ಲ.

ಭಾರತಕ್ಕೆ ಹೆಮ್ಮೆಪಡಲು ಲಕ್ಷದ್ವೀಪವಿದೆ. ಮಿನಿಕಾಯ್‌ನವರು ಲಗೂನಿನಲ್ಲಿ ಜೀವಂತ ಸಣ್ಣಮೀನು ಹಿಡಿದು ಚೆಲ್ಲಿ, ಕೋಲಿಗೆ ಕಟ್ಟಿದ ಗಾಳದಿಂದ ಸ್ಕಿಪ್‌ಜಾಕ್‌ಅನ್ನು ಒಂದೊಂದಾಗಿ ಎತ್ತುತ್ತಾರೆ. ಬೇಡದ ಮೀನು ಬಹುತೇಕ ಬೀಳದ ಈ ವಿಧಾನಕ್ಕೆ ಪಾಲು ಹಂಚುವಾಗ ಮೊದಲ ಮನ್ನಣೆ ಸಿಗಬೇಕು ಎಂಬ ವಾದಕ್ಕೆ ಬಲವಿದೆ. ದೊಡ್ಡ ತೊಡಕು ಲೆಕ್ಕದ್ದು. ನಮ್ಮಲ್ಲಿ ಸಮುದ್ರ ಮೀನಿನ ಅಂಕಿ ಬರುವುದು ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಮಾದರಿ ಸಮೀಕ್ಷೆಯಿಂದ. ಸಾವಿರಕ್ಕೂ ಹೆಚ್ಚು ಇಳಿದಾಣಗಳಲ್ಲಿ ಆಯ್ದ ದಿನ, ಆಯ್ದ ದೋಣಿ ಎಣಿಸಿ ಇಡೀ ರಾಜ್ಯಕ್ಕೆ ಹಿಗ್ಗಿಸುವ ವಿಧಾನ ಅದು. ಸಂತತಿಯ ಆರೋಗ್ಯ ತಿಳಿಯಲು ಇದು ಒಳ್ಳೆಯ ಪದ್ಧತಿ. ಕ್ವೋಟಾ ನಡೆಸಲು ಸಾಲದು. ಪಾಲು ಮುಗಿಯುತ್ತಿದೆಯೇ ಎಂದು ಅಕ್ಟೋಬರ್‌ನಲ್ಲೇ ತಿಳಿಯಬೇಕು, ಮರುವರ್ಷದ ವರದಿಯಲ್ಲಲ್ಲ. ಅದಕ್ಕೆ ಟ್ರಿಪ್ಪುವಾರು ಲಾಗ್‌ಬುಕ್ ಬೇಕು: ಎಲ್ಲಿ ಬಲೆ ಬಿಟ್ಟರು, ಯಾವ ಜಾತಿ ಎಷ್ಟು ಕೆಜಿ, ಎಲ್ಲಿ ಇಳಿಸಿದರು. ನವೆಂಬರ್ 2025ರಲ್ಲಿ ಕೇಂದ್ರ ಹೊರಡಿಸಿದ ವಿಶೇಷ ಆರ್ಥಿಕ ವಲಯದ ಮೀನುಗಾರಿಕೆ ನಿಯಮಗಳು ಯಾಂತ್ರಿಕ ಮತ್ತು ದೊಡ್ಡ ಮೋಟಾರು ದೋಣಿಗಳಿಗೆ ಆನ್‌ಲೈನ್ ಪ್ರವೇಶ ಪಾಸ್ ಕಡ್ಡಾಯ ಮಾಡಿವೆ, ಲೈಟ್ ಫಿಶಿಂಗ್ (ದೀಪ ಹಾಕಿ ಮೀನು ಸೆಳೆಯುವುದು) ಮತ್ತು ಬುಲ್ ಟ್ರಾಲಿಂಗ್ (ಎರಡು ದೋಣಿಗಳು ಒಂದೇ ಬಲೆ ಎಳೆಯುವುದು) ನಿಷೇಧಿಸಿವೆ. ಪಾಸ್ ಯಾರ ದೋಣಿ ಎಂದು ಹೇಳುತ್ತದೆ. ಏನು ಹಿಡಿದರು ಎಂಬುದು ಅದರ ಜೊತೆ ಕಟ್ಟಿ ಬಂದರೆ ಮಾತ್ರ ಅಂತರರಾಷ್ಟ್ರೀಯ ಮೇಜಿನಲ್ಲಿ ಬೆಲೆ.

ಆ ಮೇಜಿನ ಮೇಲಿರುವ ಕಡತ 2011ರದು. ಪಾಲು ಹಂಚುವ ಮಾನದಂಡಗಳ ಸಮಿತಿ ಆ ವರ್ಷ ನೈರೋಬಿಯಲ್ಲಿ ಮೊದಲು ಸೇರಿತು. ಅಲ್ಲಿಂದ ಇಂದಿನವರೆಗೆ ಸಿಕ್ಕಿಕೊಂಡಿರುವುದು ಮುಖ್ಯವಾಗಿ ಒಂದೇ ಗಂಟಿನಲ್ಲಿ: ಸೊಮಾಲಿಯಾದ ಅಥವಾ ಸೆಶೆಲ್ಸ್‌ನ ನೀರಿನಲ್ಲಿ ಸ್ಪೇನಿನ ಹಡಗು ಹಿಡಿದ ಮೀನಿನ ಇತಿಹಾಸ ಯಾರ ಖಾತೆಗೆ ಸೇರಬೇಕು, ನೀರಿನ ಒಡೆಯನಿಗೋ ಹಡಗಿನ ಬಾವುಟಕ್ಕೋ? ನೀರಿನ ಒಡೆಯನಿಗೆ ಎಂದರೆ ಯುರೋಪಿನ ಪಾಲು ಕರಗುತ್ತದೆ. ಬಾವುಟಕ್ಕೆ ಎಂದರೆ ಕರಾವಳಿ ದೇಶಗಳು ಸಹಿ ಹಾಕುವುದಿಲ್ಲ. ಒಂದಿಷ್ಟು ವರ್ಷಗಳಲ್ಲಿ ಹಂತಹಂತವಾಗಿ ಖಾತೆ ಬದಲಿಸುವ ಸೂತ್ರಗಳ ಸುತ್ತ ಚರ್ಚೆ ನಡೆದಿದೆ. ಭಾರತದ ಮಟ್ಟಿಗೆ ಹೇಳುವುದಾದರೆ, ನಮ್ಮ ನೀರಿನಲ್ಲಿ ವಿದೇಶಿ ಪರ್ಸೀನ್ ಇತಿಹಾಸ ದೊಡ್ಡದಿಲ್ಲ, ಆ ಸೂತ್ರದಿಂದ ಸೊಮಾಲಿಯಾಕ್ಕೆ ಸಿಗುವಷ್ಟು ಲಾಭ ನಮಗಿಲ್ಲ. ನಮ್ಮ ಪಾಲು ತೂಗುವುದು ಕರಾವಳಿ ಉದ್ದ, ಮೀನುಗಾರರ ಸಂಖ್ಯೆ, ಬೆಳೆಯುವ ಹಕ್ಕು ಮತ್ತು ಗಿಲ್‌ನೆಟ್, ಕೈಗಾಳ, ಕೋಲುಗಾಳದವರು ನಿಜವಾಗಿ ಹಿಡಿದದ್ದರ ದಾಖಲೆ, ಇವುಗಳ ಮೇಲೆ. ಮೊದಲ ಮೂರು ನಮ್ಮ ಕೈಯಲ್ಲಿವೆ.